ಪಿಯು ಅಂಕ ಬಂತು, ಸಿಇಟಿ ರ‍್ಯಾಂಕ್ ಇನ್ನೂ ಇಲ್ಲ: ಅಲ್ಲಿವರೆಗೆ ಏನ್ಮಾಡ್ಲಿ?

ಅರಸೀಕೆರೆ_ತೆಂಗು:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯು ಎಕ್ಸಾಮ್-1ರಲ್ಲಿ ಫಿಸಿಕ್ಸ್ 86, ಕೆಮಿಸ್ಟ್ರಿ 93, ಮ್ಯಾಥ್ಸ್ 82. ಸಿಇಟಿ ತಾತ್ಕಾಲಿಕ ಕೀ ಉತ್ತರ ನೋಡ್ಕೊಂಡು ಲೆಕ್ಕ ಹಾಕಿದ್ರೆ 29, 35, 28. ಇಂಜಿನಿಯರಿಂಗ್ ಬೇಕು, ಮೀಸಲಾತಿ ಪ್ರವರ್ಗ 2ಎ, ಹಳ್ಳಿ ಶಾಲೆ, ಮನೆಯಿಂದ ಬಸ್ಸಲ್ಲಿ ಹಾಸನ ಆದ್ರೂ ಸರಿ, ಬೆಂಗಳೂರಾದ್ರೂ ಸರಿ. ದಿನಕ್ಕೆ ಹತ್ತು ಸಲ ವೆಬ್‌ಸೈಟ್ ತೆಗೆದು ನೋಡೋದೇ ಕೆಲಸ ಆಗಿದೆ. ಒಂದೊಂದು ರ‍್ಯಾಂಕ್ ಪ್ರೆಡಿಕ್ಟರ್ ಒಂದೊಂದು ನಂಬರ್ ಹೇಳತ್ತೆ. ಮ್ಯಾಥ್ಸ್ ರೀವ್ಯಾಲ್ಯುಯೇಷನ್‌ಗೆ ಹಾಕ್ಲಾ? ರ‍್ಯಾಂಕ್ ಬರೋವರೆಗೆ ಮಾಡ್ಕೋಬೇಕಾದ ಕೆಲಸ ಏನಾದ್ರೂ ಇದ್ಯಾ?

ಬೆಣ್ಣೆದೋಸೆ_ಎರಡು:
ಹಾಕಿ. ಒಂದು ಮಾರ್ಕ್ ಬಂದ್ರೂ ಲಾಭ. ಪಿಯು ಮಾರ್ಕೂ ಒಂದೇ, ಸಿಇಟಿ ಮಾರ್ಕೂ ಒಂದೇ, ಎರಡೂ 50-50 ಅಲ್ವಾ.

ಲೆಕ್ಕದ_ಮೇಷ್ಟ್ರು:
ಅಲ್ಲ ಗುರು, ಅಲ್ಲೇ ಎಲ್ಲರೂ ಎಡವೋದು. 50-50 ಅಂದ್ರೆ ಶೇಕಡಾವಾರಿನಲ್ಲಿ ಅರ್ಧರ್ಧ, ಅಂಕದಲ್ಲಲ್ಲ. ಪಿಯು ಪಿಸಿಎಂ 300ಕ್ಕೆ, ಸಿಇಟಿ 180ಕ್ಕೆ.

ತೆಂಗು ಅವರ ಲೆಕ್ಕವನ್ನೇ ತಗೊಳ್ಳಿ. ಪಿಯು 261, ಅಂದ್ರೆ 87%. ಸಿಇಟಿ 92, ಅಂದ್ರೆ 51.11%. ಎರಡೂ ಕೂಡಿಸಿ ಅರ್ಧ ಮಾಡಿದ್ರೆ 69.06. ರ‍್ಯಾಂಕ್ ಕೊಡೋದು ಈ ನಂಬರಿನ ಮೇಲೆ.

ಈಗ ಪಿಯುನಲ್ಲಿ ಒಂದು ಅಂಕ ಜಾಸ್ತಿ ಆದ್ರೆ ಇದಕ್ಕೆ 0.167 ಸೇರತ್ತೆ. ಸಿಇಟಿ ಕೀ ಬದಲಾಗಿ ಒಂದು ಅಂಕ ಸಿಕ್ಕಿದ್ರೆ 0.278. ಐದು ಪಿಯು ಅಂಕ ಮೂರು ಸಿಇಟಿ ಅಂಕಕ್ಕೆ ಸಮ. ಮಧ್ಯದ ರ‍್ಯಾಂಕುಗಳಲ್ಲಿ ಮಕ್ಕಳು ಒತ್ತೊತ್ತಾಗಿ ಕೂತಿರ್ತಾರೆ, ಅಲ್ಲಿ ಪಾಯಿಂಟಿನ ಮುಂದಿನ ಅಂಕಿಯೂ ಲೆಕ್ಕಕ್ಕೆ ಬರತ್ತೆ. ಹಾಗಂತ ಕಣ್ಣುಮುಚ್ಚಿ ರೀವ್ಯಾಲ್ಯುಯೇಷನ್‌ಗೆ ಹಾಕೋದು ದುಡ್ಡು ದಂಡ.

ಹುಬ್ಬಳ್ಳಿ_ಗಿರ್ಮಿಟ್:
ಮೇಷ್ಟ್ರು ಹೇಳಿದ್ದು ಖರೇ. ಮದಲ ಸ್ಕ್ಯಾನ್ ಕಾಪಿ ತರಸ್ರಿ. ಅದನ್ನ ತರಸದ ರೀವ್ಯಾಲ್ಯುಯೇಷನ್‌ಗೆ ಅರ್ಜಿನ ತಗೊಳ್ಳಂಗಿಲ್ಲ. ಹಿಂದಿನ ಸಲ ಒಂದು ವಿಷಯಕ್ಕ ಸ್ಕ್ಯಾನ್ ಕಾಪಿ 530, ರೀವ್ಯಾಲ್ಯುಯೇಷನ್ 1,670 ಇತ್ತು. ಕೂಡಿಸಿದ್ರ 2,200. ಈ ಸಲದ್ದು ಪರೀಕ್ಷಾ ಮಂಡಳಿ ಸುತ್ತೋಲ್ಯಾಗ ನೋಡ್ಕೋರಿ. ಎರಡಕ್ಕೂ ಕಡೀ ತಾರೀಖು ಬ್ಯಾರೆ ಬ್ಯಾರೆ ಇರ್ತದ, ಅದೂ ಭಾಳ ದಿನ ಬಿಡಂಗಿಲ್ಲ.

ಕಾಪಿ ಕೈಗೆ ಬಂದ ಮ್ಯಾಲ ಮಂಡಳಿ ಬಿಟ್ಟಿರೋ ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಪಕ್ಕಕ್ಕ ಇಟ್ಕೊಂಡು ಒಂದೊಂದ ಸ್ಟೆಪ್ ನೋಡ್ರಿ. ಹುಡುಕೋದು ಮೂರ ಕಡೆ. ಒಳಗಿನ ಪುಟದ ಅಂಕ ಮ್ಯಾಲಿನ ಹಾಳಿಗೆ ಬರದ ಬಿಟ್ಟಾರೇನು, ಹಿಂದಿನ ಪುಟಕ್ಕ ಹೋದ ಉತ್ತರ ನೋಡದ ಬಿಟ್ಟಾರೇನು, ಐದು ಮಾರ್ಕಿನ ಲೆಕ್ಕದಾಗ ಸ್ಟೆಪ್ ಮಾರ್ಕ್ ಕೊಟ್ಟಿಲ್ಲೇನು. ಇದು ಯಾವ್ದೂ ಸಿಗಲಿಲ್ಲಾ, ಅಲ್ಲಿಗೆ ಬಿಟ್ಟುಬಿಡ್ರಿ.

ಬೆಣ್ಣೆದೋಸೆ_ಎರಡು:
ಸರಿ ಸರಿ, ಒಪ್ಕೊಂಡೆ. ಹಂಗಾದ್ರೆ ಎಕ್ಸಾಮ್-2 ಬರೆಯೋದೇ ವಾಸಿ ಅಲ್ವಾ?

ಲೆಕ್ಕದ_ಮೇಷ್ಟ್ರು:
ಮ್ಯಾಥ್ಸ್ 82 ಇದ್ದದ್ದು 94 ಆಗತ್ತೆ ಅನ್ನೋ ಧೈರ್ಯ ಇದ್ರೆ ಅದು ಸರಾಸರಿಗೆ ಪೂರ್ತಿ 2 ಸೇರಿಸತ್ತೆ, ಸಿಇಟಿಯ ಏಳು ಚಿಲ್ಲರೆ ಅಂಕಕ್ಕೆ ಸಮ. ಕಮ್ಮಿ ಬಂದ್ರೂ ಹಳೇ ಅಂಕ ಎಲ್ಲೂ ಹೋಗಲ್ಲ, ಬರೆದ ಪರೀಕ್ಷೆಗಳಲ್ಲಿ ಯಾವುದು ಜಾಸ್ತಿಯೋ ಅದೇ ಉಳಿಯತ್ತೆ. ಆದ್ರೆ ಎಕ್ಸಾಮ್-2ರ ಅಂಕವನ್ನು ಈ ವರ್ಷದ ರ‍್ಯಾಂಕಿಗೆ ಹೇಗೆ ತಗೋತಾರೆ ಅನ್ನೋದನ್ನ ಕೆಇಎ (ಸಿಇಟಿ ನಡೆಸೋ ಪ್ರಾಧಿಕಾರ) ಪ್ರಕಟಣೆಯಲ್ಲೇ ಓದಿ. ವಾಟ್ಸಾಪ್ ಫಾರ್ವರ್ಡ್ ನಂಬ್ಕೊಂಡು ಫೀಸ್ ಕಟ್ಟಬೇಡಿ.

ನಾಡಕಚೇರಿ_ಕ್ಯೂ:
ಅಂಕ, ರ‍್ಯಾಂಕ್ ಪಕ್ಕಕ್ಕಿಡಿ. ಕಾಗದ ಪತ್ರ ನೋಡ್ಕೊಂಡ್ರಾ? ಸೀಟು ಕೈತಪ್ಪೋದು ಮಾರ್ಕಿನಿಂದಲೇ ಅಂದ್ಕೊಂಡಿದ್ದೀರಿ, ಜಾತಿ ಸರ್ಟಿಫಿಕೇಟಿನ ಮೇಲಿರೋ ಆರ್‌ಡಿ ನಂಬರಿನಿಂದಲೂ ತಪ್ಪತ್ತೆ.

2ಎ, 2ಬಿ, 3ಎ, 3ಬಿ ಇದ್ದವರಿಗೆ ಬೇಕಾಗಿದ್ದು ನಮೂನೆ-ಎಫ್, ಅಂದ್ರೆ ಜಾತಿ-ಆದಾಯ ಸರ್ಟಿಫಿಕೇಟ್. ಎಸ್‌ಸಿ/ಎಸ್‌ಟಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ. ಡಿ ಮತ್ತು ಇ ಒಂದ್ಸಲ ತೆಗೆಸಿದ್ರೆ ಮುಗೀತು. ಎಫ್‌ನಲ್ಲಿ ಆದಾಯವೂ ಸೇರಿರೋದ್ರಿಂದ ಐದು ವರ್ಷ ಮಾತ್ರ. ಸರ್ಟಿಫಿಕೇಟ್ ಅಭ್ಯರ್ಥಿಯ ಹೆಸರಲ್ಲೇ ಇರಬೇಕು. ಅಪ್ಪನ ಹೆಸರಿನದ್ದು, ಅಣ್ಣನ ಹೆಸರಿನದ್ದು ತಂದು 'ಒಂದೇ ಮನೆ ಅಲ್ವಾ ಸಾರ್' ಅಂದ್ರೆ ನಡೆಯಲ್ಲ. ಹೆಸರಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿದ್ರೂ ಕಂಪ್ಯೂಟರಿಗೆ ಅದು ಬೇರೆ ಮನುಷ್ಯ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಹೇಗಿದೆಯೋ ಹಾಗೇ ಇರಲಿ.

ಜನರಲ್ ಮೆರಿಟ್‌ನವರೂ ಒಂದು ನೋಡ್ಕೊಳ್ಳಿ. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ರೆ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಕೇಳಬಹುದು. ಮಂಜೂರಾದ ಸೀಟಿನ ಮೇಲೆ ಶೇ. 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ, ಉಳಿದ ಶುಲ್ಕ ಕಟ್ಟಬೇಕು. ಇದಕ್ಕೆ ಜಾತಿ ಲೆಕ್ಕ ಇಲ್ಲ, ಮೆರಿಟ್ ಮಾತ್ರ. ಅದಕ್ಕೇ ಪೈಪೋಟಿ ಜಾಸ್ತಿ.

ಎರಡನೇ_ಸೆಮ್:
ಗ್ರಾಮೀಣ ಕೋಟಾ ಹೇಳಿ ಅಣ್ಣ, ಹಳ್ಳಿ ಶಾಲೆ ಅಂದ್ರಲ್ಲ ಅವ್ರು.

ನಾಡಕಚೇರಿ_ಕ್ಯೂ:
ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಹತ್ತಕ್ಕೆ ಹತ್ತೂ ವರ್ಷ ಆಗಿರಬೇಕು. ಏಳನೇ ಕ್ಲಾಸ್ ತನಕ ಊರಲ್ಲಿ ಓದಿ ಹೈಸ್ಕೂಲಿಗೆ ಪೇಟೆ ಸೇರಿದ್ರೆ ಗ್ರಾಮೀಣ ಇಲ್ಲ. ಪಟ್ಟಣ ಪಂಚಾಯತಿ ವ್ಯಾಪ್ತಿಯ ಶಾಲೆ ನೋಡೋಕೆ ಹಳ್ಳಿ ಥರಾನೇ ಇದ್ರೂ ಅದು ಗ್ರಾಮೀಣ ಅಲ್ಲ. ಪ್ರಮಾಣಪತ್ರಕ್ಕೆ ಶಾಲೆ ಹೆಡ್‌ಮಾಸ್ಟರ್ ಸಹಿ ಆದ್ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ.

ಸ್ಯಾಟ್ಸ್ ಸಂಖ್ಯೆ (ಶಾಲಾ ಮಕ್ಕಳ ಸರ್ಕಾರಿ ದಾಖಲೆ ನಂಬರ್) ಹಾಕಿದ ತಕ್ಷಣ ಶಾಲೆಯ ವಿವರ ತಾನಾಗೇ ಬರತ್ತಲ್ಲ, ಅಲ್ಲಿ ಕಣ್ಣಿಡಿ. ಕನ್ನಡ ಮಾಧ್ಯಮದ ಮಗುವಿಗೆ ಒಂದು ವರ್ಷ ಇಂಗ್ಲಿಷ್ ಅಂತ ಬಿದ್ದಿರತ್ತೆ, ಯಾರೂ ನೋಡಿರಲ್ಲ. ಶಾಲೆ ದಾಖಲೆ ಹಿಡ್ಕೊಂಡು ಬಿಇಒ ಆಫೀಸಿಗೆ ಹೋಗಿ ಸರಿಮಾಡಿಸ್ಬೇಕು.

ಬೆಣ್ಣೆದೋಸೆ_ಎರಡು:
ಹತ್ತು ವರ್ಷದಲ್ಲಿ ಒಂದು ವರ್ಷ ಕಮ್ಮಿ ಆದ್ರೂ ಇಲ್ವಾ? ಇದು ಅನ್ಯಾಯ ಮಾರಾಯ್ರೆ.

ನಾಡಕಚೇರಿ_ಕ್ಯೂ:
ಅನ್ಯಾಯವೋ ನ್ಯಾಯವೋ, ನಿಯಮ ಅದು. ಕ್ಲೇಮ್ ಮಾಡಿ ಆಮೇಲೆ ದಾಖಲೆ ತೋರಿಸೋಕಾಗದೆ ಸೀಟು ಕಳ್ಕೊಳ್ಳೋದಕ್ಕಿಂತ ಮೊದಲೇ ಬಿಡೋದು ಒಳ್ಳೇದು.

ಕಲಬುರಗಿ_ತೊಗರಿ:
ನಮ್ಮ ಕಡೀ ಮಂದಿಗಿ ಒಂದ್ ಮಾತ್. 371(ಜೆ), ಅಂದ್ರ ಕಲ್ಯಾಣ ಕರ್ನಾಟಕದ ಮೀಸಲಾತಿ ಸರ್ಟಿಫಿಕೇಟ್ ತಹಸೀಲ್ದಾರ್ ಕೊಡಂಗಿಲ್ಲ, ಸಹಾಯಕ ಆಯುಕ್ತರ ಆಫೀಸಿಂದ ಬರ್ತದ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲಾಕ್ಕ. ನಮ್ ಭಾಗದ ಕಾಲೇಜಿನ್ಯಾಗ ಶೇ. 70, ಹೊರಗಿನ ರಾಜ್ಯಮಟ್ಟದ ಸಂಸ್ಥೆದಾಗ ಶೇ. 8. ಕಟಾಫ್ ನೋಡೂವಾಗ ಭಾಳ ಮಂದಿ ಸಾದಾ ಜಿಎಂ (ಜನರಲ್ ಮೆರಿಟ್) ಪಟ್ಟಿ ನೋಡಿ 'ನಂಗ ಸಿಗಂಗಿಲ್ಲ' ಅಂತ ಕುಂದರ್ತಾರ. ಎಚ್‌ಕೆ (ಹೈದರಾಬಾದ್ ಕರ್ನಾಟಕ) ಪಟ್ಟಿ ಬ್ಯಾರೇನೇ ಇರ್ತದ, ಅದನ್ನ ತೆಗೀರಿ.

ಎರಡನೇ_ಸೆಮ್:
ಕಟಾಫ್ ಮಾತು ಬಂತಲ್ಲ, ಪ್ರೆಡಿಕ್ಟರ್ ಆ್ಯಪ್‌ಗಳನ್ನ ಅಳಿಸಿ ತೆಂಗು ಅವ್ರೆ. ಪಿಯುನಲ್ಲಿ ಎಲ್ಲರಿಗೂ ಅಂಕ ಜಾಸ್ತಿ ಬಂದ ವರ್ಷ 69ಕ್ಕೆ ಒಂದು ರ‍್ಯಾಂಕ್, ಸಿಇಟಿ ಕಷ್ಟ ಇದ್ದ ವರ್ಷ ಅದೇ 69ಕ್ಕೆ ಇನ್ನೊಂದು. ಆ್ಯಪ್‌ಗೆ ಇದು ಗೊತ್ತಿಲ್ಲ. ಕೆಇಎ ವೆಬ್‌ಸೈಟಲ್ಲಿ ಹಿಂದಿನ ವರ್ಷಗಳ ಕಟಾಫ್ ಪಿಡಿಎಫ್ ಇದೆ, ಸುತ್ತಿನ ಪ್ರಕಾರ. ಅದರಲ್ಲಿ ನಿಮ್ಮ ಸಾಲು 2ಎಜಿ ಮತ್ತು 2ಎಆರ್. ಆರ್ ಅಂದ್ರೆ ಗ್ರಾಮೀಣ, ಕೆ ಅಂದ್ರೆ ಕನ್ನಡ ಮಾಧ್ಯಮ, ಜಿ ಅಂದ್ರೆ ಆ ಪ್ರವರ್ಗದ ಸಾಮಾನ್ಯ ಸೀಟು. ಮೊದಲ ಸುತ್ತಿನ ನಂಬರ್ ನೋಡಿ ಹೆದರಬೇಡಿ, ಕೊನೇ ಸುತ್ತಿನದ್ದನ್ನೂ ನೋಡಿ.

ಕರಾವಳಿ_ಕಡಲು:
ಮತ್ತೆ ಒಂದು ಉಂಟು. ಅದೇ ಕಾಲೇಜು ಪಟ್ಟಿಯಲ್ಲಿ ಎರಡು ಕಡೆ ಕಾಣ್ತದೆ, ಕೋಡ್ ಬೇರೆ ಬೇರೆ. ಒಂದು ಅನುದಾನಿತ ಸೀಟು, ಇನ್ನೊಂದು ಅನುದಾನರಹಿತ. ಬೆಂಗಳೂರಿನ ಬಿಎಂಎಸ್, ಮೈಸೂರಿನ ಎನ್‌ಐಇ, ಹಾಸನದ ಮಲೆನಾಡು, ಮಂಡ್ಯದ ಪಿಇಎಸ್ ಎಲ್ಲ ಹೀಗೆ. ಕ್ಲಾಸ್ ಒಂದೇ ಕಾಲೇಜಿನಲ್ಲಿ, ಫೀಸಿನಲ್ಲಿ ತುಂಬ ವ್ಯತ್ಯಾಸ. ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು-ಬ್ರಾಂಚ್ ಕ್ರಮವಾಗಿ ತುಂಬುವಾಗ, ಅನುದಾನಿತದ್ದನ್ನು ಮೇಲೆ, ಅನುದಾನರಹಿತದ್ದನ್ನು ಅದರ ಕೆಳಗೆ ಹಾಕುದು. ಉಲ್ಟಾ ಹಾಕಿದರೆ ಕಂಪ್ಯೂಟರ್ ನಿಮಗೆ ಮೊದಲು ಜಾಸ್ತಿ ಫೀಸಿನದ್ದನ್ನೇ ಕೊಡ್ತದೆ. ನೀವು ಕೇಳಿದ್ದು ಅದನ್ನೇ ಅಲ್ವಾ?

ಅರಸೀಕೆರೆ_ತೆಂಗು:
ಇದು ಗೊತ್ತೇ ಇರ್ಲಿಲ್ಲ! ಆಪ್ಷನ್ ಎಂಟ್ರಿಯಲ್ಲಿ ಸಿಗೋ ಚಾನ್ಸ್ ಇರೋ ಕಾಲೇಜನ್ನ ಮೇಲೆ ಹಾಕಬೇಕು, ಇಲ್ದಿದ್ರೆ ಮೇಲಿನದ್ದು ವೇಸ್ಟ್ ಆಗಿ ಸೀಟೇ ಸಿಗಲ್ಲ ಅಂತ ಸೈಬರ್ ಸೆಂಟರ್‌ನವರು ಹೇಳ್ತಿದ್ರು.

ಲೆಕ್ಕದ_ಮೇಷ್ಟ್ರು:
ತಪ್ಪು, ತಪ್ಪು, ತಪ್ಪು.

ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಯಂತ್ರ ನಿಮ್ಮ ಪಟ್ಟಿಯ ಒಂದನೇ ಸಾಲು ನೋಡತ್ತೆ. ಅಲ್ಲಿ ನಿಮಗೆ ಹೊಂದೋ ಸೀಟು ಉಳಿದಿದ್ರೆ ಕೊಡತ್ತೆ, ಇಲ್ಲಾಂದ್ರೆ ಎರಡನೇದು, ಮೂರನೇದು. ಮೇಲಿನ ಇಪ್ಪತ್ತು ಸಿಗದಿದ್ದಕ್ಕೆ ಇಪ್ಪತ್ತೊಂದನೇದರಲ್ಲಿ ನಿಮ್ಮ ಹಕ್ಕು ಒಂದು ಕೂದಲೆಳೆಯಷ್ಟೂ ಕಮ್ಮಿ ಆಗಲ್ಲ. ಅಲ್ಲಿ ನಿಮ್ಮ ಹಿಂದಿನ ರ‍್ಯಾಂಕಿನವರು ಅದನ್ನೇ ಒಂದನೇದಾಗಿ ಹಾಕಿದ್ರೂ ನಿಮಗೇ ಮೊದಲು. ಹಾಗಾಗಿ ಕ್ರಮ ಅಂದ್ರೆ ಆಸೆಯ ಕ್ರಮ, ಸಾಧ್ಯತೆಯ ಕ್ರಮ ಅಲ್ಲ. ಸಾಧ್ಯತೆ ನೋಡಬೇಕಾಗಿದ್ದು ಪಟ್ಟಿ ಎಷ್ಟು ಉದ್ದ ಇರಬೇಕು ಅಂತ ತೀರ್ಮಾನಿಸೋಕೆ. ಎಂಟು ದೊಡ್ಡ ಕಾಲೇಜು ಹಾಕಿ ಕೈ ಕಟ್ಕೊಂಡು ಕೂತ್ರೆ ಸೀಟು ಸಿಗಲ್ಲ. ಅದು ಕ್ರಮದ ತಪ್ಪಲ್ಲ, ಪಟ್ಟಿ ಗಿಡ್ಡ ಆಗಿದ್ದರ ತಪ್ಪು.

ಒಂದು ನೋಟ್‌ಬುಕ್ ತಗೊಳ್ಳಿ. ಕಾಲೇಜು ಕೋಡ್, ಬ್ರಾಂಚ್ ಕೋಡ್, ಫೀಸ್, ಕಳೆದ ವರ್ಷದ ಕೊನೇ ಸುತ್ತಿನ 2ಎಜಿ ಮತ್ತು 2ಎಆರ್, ಮನೆಯಿಂದ ಎಷ್ಟು ದೂರ, ಹಾಸ್ಟೆಲ್ ಇದ್ಯಾ. ಪ್ರತಿ ಎರಡು ಸಾಲು ಪಕ್ಕಪಕ್ಕ ಇಟ್ಟು 'ಎರಡೂ ಒಟ್ಟಿಗೆ ಕೊಟ್ರೆ ಯಾವುದು ತಗೋತೀನಿ' ಅಂತ ಕೇಳ್ಕೊಳ್ಳಿ. ಪಟ್ಟಿ ತಾನಾಗೇ ಸರಿಹೋಗತ್ತೆ. ಸೈಬರಿಗೆ ಹೋಗೋದು ಈ ಪುಟ ತುಂಬಿದ ಮೇಲೆ. ಅಲ್ಲಿ ಕೂತು ಯೋಚನೆ ಮಾಡೋ ಕೆಲಸ ಬೇಡ.

ಎರಡನೇ_ಸೆಮ್:
ಮಾಕ್ ಅಲಾಟ್‌ಮೆಂಟ್ ಬಿಡ್ತಾರಲ್ಲ, ಅದು ಅಭ್ಯಾಸ ಪಂದ್ಯ. ಅದರಲ್ಲಿ ಬಂದದ್ದು ಸೀಟು ಅಲ್ಲ. ನೋಡಿ ಪಟ್ಟಿ ತಿದ್ದಿಕೊಳ್ಳಿ ಅಂತ ಬಿಡೋದು. ಮಾಕ್‌ನಲ್ಲಿ ಸಿಕ್ಕಿದ ಖುಷಿಗೆ ಕೆಳಗಿನ ಆಪ್ಷನ್ ಎಲ್ಲ ಅಳಿಸಿ ಕೂರೋರು ಪ್ರತಿ ವರ್ಷ ಇರ್ತಾರೆ. ಅಳಿಸಬೇಡಿ.

ಹುಬ್ಬಳ್ಳಿ_ಗಿರ್ಮಿಟ್:
ಚಾಯ್ಸ್ 2 ಬಗ್ಗೆನೂ ಹೇಳ್ಬಿಡ್ರಿ. ಅಲ್ಲೇ ಭಾಳ ಮಂದಿ ಅಳೋದು.

ಲೆಕ್ಕದ_ಮೇಷ್ಟ್ರು:
ಹೌದು. ಚಾಯ್ಸ್ 1: ಸಿಕ್ಕಿದ್ದು ಸಾಕು, ಫೀಸ್ ಕಟ್ಟಿ ಸೇರ್ತೀನಿ. ಚಾಯ್ಸ್ 2: ಇದು ಇರಲಿ, ಮೇಲಿನದ್ದು ಸಿಕ್ಕಿದ್ರೆ ಕೊಡಿ. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಬಿಡಿ. ಚಾಯ್ಸ್ 4: ನಾನು ಆಟದಿಂದಲೇ ಹೊರಗೆ. ಯಾವ ಚಾಯ್ಸಿಗೆ ಯಾವಾಗ ಎಷ್ಟು ದುಡ್ಡು ಕಟ್ಟಬೇಕು ಅನ್ನೋದನ್ನ ಆಗಾಗ ಬದಲಿಸ್ತಾರೆ, ಆ ವರ್ಷದ ಸೂಚನೆ ಓದಿ.

ಅಳೋದು ಇಲ್ಲಿ: ಮೊದಲ ಸುತ್ತಲ್ಲಿ 18ನೇ ಆಪ್ಷನ್ ಸಿಕ್ತು ಅಂತಿಟ್ಕೊಳ್ಳಿ. ಚಾಯ್ಸ್ 2 ಒತ್ತಿದ್ರಿ. ಮುಂದಿನ ಸುತ್ತಲ್ಲಿ 1ರಿಂದ 17 ಮಾತ್ರ ನೋಡ್ತಾರೆ. 9ನೇದು ಬಂತು ಅಂದ್ರೆ 18ನೇದು ಆ ಕ್ಷಣವೇ ಬೇರೆಯವರ ಪಾಲು, ವಾಪಸ್ ಕೇಳೋ ಹಾಗಿಲ್ಲ. '9ಕ್ಕಿಂತ 18ನೇದೇ ಚೆನ್ನಾಗಿತ್ತು' ಅಂತ ಆಮೇಲೆ ಅನ್ನಿಸಿದ್ರೆ ತಪ್ಪು ನಿಮ್ಮ ಪಟ್ಟಿಯದ್ದು. ಚಾಯ್ಸ್ 2 ಒತ್ತಿದ್ಮೇಲೆ ಮೇಲಿನ ಹದಿನೇಳನ್ನೂ ಮತ್ತೆ ನೋಡಿ, 18ಕ್ಕಿಂತ ಬೇಡ ಅನ್ನಿಸಿದ್ದನ್ನ ಅಳಿಸಿ.

ಬೆಣ್ಣೆದೋಸೆ_ಎರಡು:
ಯಾವ ಕಾಲೇಜಾದ್ರೂ ಕಂಪ್ಯೂಟರ್ ಸೈನ್ಸ್ ತಗೊಳ್ಳಿ, ಅಷ್ಟೇ.

ಕರಾವಳಿ_ಕಡಲು:
ಅದು ಹೇಗೆ ಅಷ್ಟೇ? ಪ್ರಾಧ್ಯಾಪಕರೇ ಇಲ್ಲದ ಕಡೆ ಸಿಎಸ್ ಓದುವುದಕ್ಕಿಂತ ಒಳ್ಳೆ ಕಾಲೇಜಿನ ಇಸಿ (ಎಲೆಕ್ಟ್ರಾನಿಕ್ಸ್), ಇಇ (ಎಲೆಕ್ಟ್ರಿಕಲ್) ಸಾವಿರ ಪಾಲು ಮೇಲು.

ಬೆಣ್ಣೆದೋಸೆ_ಎರಡು:
ಕ್ಯಾಂಪಸ್ಸಿಗೆ ಬರೋ ಕಂಪನಿ ಬ್ರಾಂಚ್ ನೋಡತ್ತೆ.

ಕರಾವಳಿ_ಕಡಲು:
ಕ್ಯಾಂಪಸ್ಸಿಗೇ ಬರದಿದ್ದರೆ ಬ್ರಾಂಚ್ ನೋಡುವುದು ಯಾರು ಮಾರಾಯ?

ಎರಡನೇ_ಸೆಮ್:
😂 ಇದು ಮುಗಿಯದ ಜಗಳ. ತೆಂಗು ಅವ್ರೆ, ಒಂದು ಮಾತ್ರ ಗಮನಿಸಿ. ಸಿಎಸ್, ಐಎಸ್, ಎಐ-ಎಂಎಲ್, ಡೇಟಾ ಸೈನ್ಸ್, ಎಲ್ಲಕ್ಕೂ ಬೇರೆ ಬೇರೆ ಕೋಡ್. ಸಿಎಸ್ ಮಾತ್ರ ಹಾಕಿ ಉಳಿದದ್ದು ಬಿಟ್ರೆ ಅದೇ ಕಟ್ಟಡದ ಪಕ್ಕದ ಕ್ಲಾಸ್ ತಪ್ಪಿಹೋಗತ್ತೆ. 'ಆಮೇಲೆ ಬ್ರಾಂಚ್ ಬದಲಿಸ್ಕೋತೀನಿ' ಅನ್ನೋ ಲೆಕ್ಕ ಹಾಕಬೇಡಿ, ಅದು ಸೀಟು ಖಾಲಿ ಬಿದ್ರೆ ಮಾತ್ರ.

ಕಾಸರಗೋಡು_ಕನ್ನಡ:
ಗಡಿನಾಡು, ಹೊರನಾಡು ಕನ್ನಡಿಗರ ಕನ್ನಡ ಭಾಷಾ ಪರೀಕ್ಷೆ ಬಗ್ಗೆ ಯಾರೂ ಹೇಳ್ಲಿಲ್ಲ. 50 ಅಂಕಕ್ಕೆ ಪರೀಕ್ಷೆ, 12 ಬಂದರೆ ಪಾಸು. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಅರ್ಹತೆಗೆ ಮಾತ್ರ. ಆದರೆ ಇದಕ್ಕೆ ಕೂರದೆ ಹೋದರೆ ಸಿಇಟಿಯಲ್ಲಿ ಎಷ್ಟೇ ಅಂಕ ಬಂದರೂ ಆ ವಿಭಾಗದಲ್ಲಿ ಸೀಟು ಕೇಳುವ ಹಾಗಿಲ್ಲ. ನಮ್ಮ ಕಾಸರಗೋಡು, ಮಂಜೇಶ್ವರ, ಅತ್ತ ಜತ್ತ, ಅಕ್ಕಲಕೋಟೆಯ ಮಕ್ಕಳು ಮುಂದಿನ ವರ್ಷಕ್ಕಾದರೂ ನೆನಪಿಟ್ಟುಕೊಳ್ಳಲಿ.

ಕೇರಳ ಬೋರ್ಡ್, ಸಿಬಿಎಸ್‌ಇ, ಐಸಿಎಸ್‌ಇ ಮಕ್ಕಳಿಗೆ ಇನ್ನೊಂದು: ಕರ್ನಾಟಕ ಪಿಯು ಅಂಕ ಕೆಇಎಗೆ ನೇರ ಹೋಗ್ತದೆ, ನಿಮ್ಮದು ಹೋಗುವುದಿಲ್ಲ. ಲಿಂಕ್ ಬಿಟ್ಟಾಗ ನೀವೇ ಅಂಕ ತುಂಬಿ ಅಂಕಪಟ್ಟಿ ಅಪ್‌ಲೋಡ್ ಮಾಡಬೇಕು. ಮಾಡದಿದ್ದರೆ ಫಲಿತಾಂಶದ ದಿನ ರ‍್ಯಾಂಕಿನ ಜಾಗ ಖಾಲಿ.

ಹುಬ್ಬಳ್ಳಿ_ಗಿರ್ಮಿಟ್:
ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಬ್ಯಾರೆ ಪರೀಕ್ಷಾ) ಬರದವರು ಅದನ್ನ ಇದರ ಜೋಡಿ ಕಲಸಬ್ಯಾಡ್ರಿ. ಅಲ್ಲಿ ಪಿಯು ಅಂಕ ರ‍್ಯಾಂಕಿಗೆ ಕೂಡಂಗಿಲ್ಲ, ಪರೀಕ್ಷಾದ್ದಷ್ಟ. ಫೀಸು ಸರ್ಕಾರಿ ಕೋಟಾಕ್ಕಿಂತ ಭಾಳ ಜಾಸ್ತಿ.

ಮಿರ್ಚಿ_ಮಂಡಕ್ಕಿ:
ಲ್ಯಾಪ್‌ಟಾಪ್ ಈಗ್ಲೇ ತಗೊಳ್ಳೋದಾ? ಆಫರ್ ಇದೆ.

ಎರಡನೇ_ಸೆಮ್:
ಬೇಡ. ಬ್ರಾಂಚ್ ಗೊತ್ತಾಗಲಿ. ಮೊದಲ ಸೆಮ್ ಲ್ಯಾಬ್‌ನಲ್ಲಿ ಕಾಲೇಜಿನ ಕಂಪ್ಯೂಟರ್ ಇರತ್ತೆ. ಆ ದುಡ್ಡಿಗಿಂತ ಮುಖ್ಯ, ಪಿಯು ಮ್ಯಾಥ್ಸ್ ಪುಸ್ತಕ ರದ್ದಿಗೆ ಹಾಕಬೇಡಿ. ವಿಟಿಯು (ಇಂಜಿನಿಯರಿಂಗ್ ವಿವಿ) ಮೊದಲ ಸೆಮ್ ಮ್ಯಾಥ್ಸ್ ಶುರುವಾಗೋದೇ ಡಿಫರೆನ್ಸಿಯೇಷನ್ ಬರತ್ತೆ ಅಂತ ಅಂದ್ಕೊಂಡು. ಚೈನ್ ರೂಲ್, ಇಂಟಿಗ್ರೇಷನ್ ಬೈ ಪಾರ್ಟ್ಸ್, ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್ ಇಷ್ಟು ದಿನಕ್ಕೊಂದು ಗಂಟೆ ತಿರುವಿ ಹಾಕಿ. ಮೊದಲ ಬ್ಯಾಕ್‌ಲಾಗ್ ಬೀಳೋದು ಇದರಲ್ಲೇ.

ಕರಾವಳಿ_ಕಡಲು:
ಇಂಜಿನಿಯರಿಂಗ್ ಸಿಗದಿದ್ದರೆ ಅಂತ ಬಿಎಸ್ಸಿ, ಬಿಸಿಎಗೂ ಅರ್ಜಿ ಹಾಕಿಡಿ. ಸರ್ಕಾರಿ ವಿವಿಗಳ ಡಿಗ್ರಿ ಕಾಲೇಜಿಗೆ ಯುಯುಸಿಎಂಎಸ್ ಪೋರ್ಟಲ್. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ನಾಲ್ಕು ವರ್ಷದ ಗೊಂದಲ ಇಲ್ಲ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಕಾಲೇಜಿಗೆ ಯುಜಿಸಿ 2018ರ ಅಧಿಸೂಚನೆ ತೋರಿಸಿ, ನೋಡಿ ವಾಪಸ್ ಕೊಡಬೇಕು ಅಂತ ಅದರಲ್ಲಿ ಉಂಟು. ಟಿಸಿ ಮಾತ್ರ ಮೂಲಪ್ರತಿ ಕೊಡಬೇಕಾಗ್ತದೆ, ಕೊಡುವ ಮೊದಲು ನಾಲ್ಕೈದು ಜೆರಾಕ್ಸ್, ಒಂದು ಕಲರ್ ಸ್ಕ್ಯಾನ್.

ನಾಡಕಚೇರಿ_ಕ್ಯೂ:
ಸ್ಕಾಲರ್‌ಶಿಪ್‌ಗೂ ಈಗಲೇ ಒಂದು ಕೆಲಸ ಇದೆ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದ್ಯಾ ಅಂತ ಕೇಳಿ. ಪಾಸ್‌ಬುಕ್‌ನಲ್ಲಿ ಆಧಾರ್ ನಂಬರ್ ಬರೆದಿದ್ರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ದುಡ್ಡು ಆಧಾರ್ ಯಾವ ಖಾತೆಗೆ ಮ್ಯಾಪ್ ಆಗಿದೆಯೋ ಅಲ್ಲಿಗೇ ಬೀಳೋದು. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆ ಹತ್ತು ತಿಂಗಳು ದುಡ್ಡು ಕೊಡ್ತಾರೆ.

ಅಂದಹಾಗೆ ತೆಂಗು ಅವ್ರೆ, ನಿಮ್ಮ ನಮೂನೆ-ಎಫ್ ಯಾವಾಗ ತೆಗೆಸಿದ್ದು?

ಅರಸೀಕೆರೆ_ತೆಂಗು:
ಎಂಟನೇ ಕ್ಲಾಸಿಗೆ ಸೇರುವಾಗ ತೆಗೆಸಿದ್ದು. ಇರಿ, ನೋಡ್ತೀನಿ... ಅಯ್ಯೋ. ಜೂನ್ ತಿಂಗಳ ತಾರೀಖಿದೆ. ಈ ಜೂನಿಗೆ ಐದು ವರ್ಷ ಮುಗಿಯತ್ತೆ!

ನಾಡಕಚೇರಿ_ಕ್ಯೂ:
ಅದಕ್ಕೇ ಕೇಳಿದ್ದು. ಎಂಟನೇ ಕ್ಲಾಸಿನ ಜೂನಲ್ಲಿ ತೆಗೆಸಿದವರದ್ದೆಲ್ಲ ಸರಿಯಾಗಿ ಕೌನ್ಸೆಲಿಂಗ್ ಹೊತ್ತಿಗೇ ಮುಗಿಯೋದು. ಗಾಬರಿ ಬೇಡ. ಸಿಇಟಿ ಅರ್ಜಿಯಲ್ಲಿ ಹಾಕಿದ ಆರ್‌ಡಿ ನಂಬರ್ ವೆರಿಫೈ ಆಗಿದ್ಯಾ ಅಂತ ಮೊದಲು ನೋಡಿ. ವೆರಿಫಿಕೇಶನ್ ಸ್ಲಿಪ್‌ನಲ್ಲಿ ಪ್ರವರ್ಗ 2ಎ, ಗ್ರಾಮೀಣ 'ಹೌದು' ಅಂತ ಇರಬೇಕು. ಇಲ್ಲದಿದ್ರೆ ತಿದ್ದುಪಡಿ ಲಿಂಕ್ ಮುಚ್ಚೋ ಮೊದಲು ಸರಿಮಾಡಿಸಿ.

ಅದೇನೇ ಇರಲಿ, ನಾಳೆ ಬೆಳಗ್ಗೆನೇ ನಾಡಕಚೇರಿಗೋ ಗ್ರಾಮ ಒನ್‌ಗೋ ಹೋಗಿ ಹೊಸದಕ್ಕೆ ಅರ್ಜಿ ಹಾಕಿ. ಹಳೇ ಸರ್ಟಿಫಿಕೇಟ್, ಆಧಾರ್, ರೇಷನ್ ಕಾರ್ಡ್, ಟಿಸಿ ಜೆರಾಕ್ಸ್ ಜೊತೆಗಿರಲಿ. ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್ ವರದಿ ಆಗಿ ಮೇಲೆ ಹೋಗಬೇಕು. ರಿಸಲ್ಟ್ ಬಂದ ವಾರದಲ್ಲಿ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹೊಸದರಲ್ಲಿ ಆರ್‌ಡಿ ನಂಬರೂ ಹೊಸದು. ಹಾಸ್ಟೆಲ್‌ಗೆ, ಸ್ಕಾಲರ್‌ಶಿಪ್‌ಗೆ ಅದೇ ಬೇಕು. ಕಾಲೇಜಿಗೆ ಹೋಗುವಾಗ ಹಳೇದು, ಹೊಸದು ಎರಡನ್ನೂ ಒಯ್ಯಿರಿ.

ಅರಸೀಕೆರೆ_ತೆಂಗು:
ಸ್ಲಿಪ್ ನೋಡಿದೆ. 2ಎ ಇದೆ, ಗ್ರಾಮೀಣವೂ ಇದೆ. ಹೆಸರಲ್ಲಿ ಇನಿಷಿಯಲ್ ಮುಂದಿದೆ, ಎಸ್ಸೆಸ್ಸೆಲ್ಸಿಯಲ್ಲೂ ಹಾಗೇ ಇದೆ. ನಾಳೆ ಅಪ್ಪನ ಜೊತೆ ನಾಡಕಚೇರಿ, ನಾಡಿದ್ದು ಬ್ಯಾಂಕು. ಮ್ಯಾಥ್ಸ್ ಸ್ಕ್ಯಾನ್ ಕಾಪಿಗೂ ಹಾಕ್ತೀನಿ. ಎಲ್ಲರಿಗೂ ಥ್ಯಾಂಕ್ಸ್ 🙏

ನಾಡಕಚೇರಿ_ಕ್ಯೂ:
ಹತ್ತು ಗಂಟೆಗೆ ಬಾಗಿಲು ತೆಗೆಯತ್ತೆ, ಒಂಬತ್ತೂವರೆಗೇ ಇರಿ. ಸರ್ವರ್ ಡೌನ್ ಅಂದ್ರೆ ಸಂಜೆ ಮತ್ತೆ ಹೋಗಿ.

ಬೆಣ್ಣೆದೋಸೆ_ಎರಡು:
ನಂದೂ ಎಂಟನೇ ಕ್ಲಾಸಲ್ಲೇ ತೆಗೆಸಿದ್ದು. ಬೀರು ಕೀ ಅಮ್ಮನ ಹತ್ರ ಇದೆ, ನೋಡಿ ಹೇಳ್ತೀನಿ.